ಪದಚರ್ಚೆ: ಡಿಪಿಎಫ್‌ಗೆ ಕನ್ನಡ ಪದ ಬೇಕು, ಇವತ್ತು ಸಂಜೆಯೊಳಗೆ

ಎಲ್ಲರಿಗೂ ನಮಸ್ಕಾರ. ಟೆಂಪೊ ಮಾಲೀಕರೊಬ್ಬರಿಗೆ ಡ್ರೈವರುಗಳು ಓದುವ ಸ್ಟಿಕ್ಕರ್ ಅನುವಾದಿಸುತ್ತಿದ್ದೇನೆ. ಪ್ರೆಸ್‌ನವರು ಆರು ಗಂಟೆಗೆ ಬಾಗಿಲು ಹಾಕುತ್ತಾರೆ. ಡಿಪಿಎಫ್ ಅಂದರೆ ಡೀಸೆಲ್ ಪಾರ್ಟಿಕ್ಯುಲೇಟ್ ಫಿಲ್ಟರ್, ಡೀಸೆಲ್ ಗಾಡಿಯ ಹೊಗೆಯಲ್ಲಿನ ಮಸಿ ಹಿಡಿಯುವ ಡಬ್ಬಿ. ಅದಕ್ಕೆ 'ಕಣಶೋಧಕ' ಅಂತ ಬರೆದಿದ್ದೆ. ಕಣ ಹುಡುಕುವ ಯಂತ್ರದ ಹಾಗೆ ಕೇಳಿಸುತ್ತದೆ, ಅಲ್ವಾ? ತುಂಬಿದ ಮಸಿಯನ್ನು ಒಳಗೇ ಸುಡುವ ರೀಜನರೇಶನ್‌ಗೆ 'ಪುನರುತ್ಪಾದನೆ' ಅಂದರೆ ಒಬ್ಬ ಡ್ರೈವರ್, "ಮಸಿ ಮತ್ತೆ ಹುಟ್ಟುತ್ತಾ ಸಾರ್?" ಅಂತ ಕೇಳಿಬಿಟ್ಟ.

*

ಶೋಧಕ ಬಿಡಿ. ಸೋಸು ಇರುವಾಗ ಸಂಸ್ಕೃತದ ಹಂಗೇಕೆ? ಮಸಿಸೋಸುಕ. ಮುಗಿಯಿತು.

*

ಮುಗಿಯಲಿಲ್ಲ. ಕುಡುಕ, ತಿರುಕ, ಸೋಸುಕ: ಯಾರಿಗೋ ಬೈದ ಹಾಗಿದೆ. ಸಲಕರಣೆಗೆ ಬಾಚಣಿಗೆಯ ದಾರಿ ಇದೆ. ಬಾಚು, ಬಾಚಣಿಗೆ. ಸೋಸು, ಸೋಸಣಿಗೆ. ಇನ್ನು ಸೋಸು ಅಚ್ಚಗನ್ನಡ ಅಂತ ಬೀಗಬೇಡಿ. ಶೋಧಿಸು ಸವೆದು ಸೋದಿಸು ಆಗಿ, ಸೋಸು ಆಯಿತು ಅನ್ನುವುದು ನನ್ನ ಹಳೇ ವಾದ. ಈ ಗುಂಪಿನಲ್ಲಿ ನಾಲ್ಕನೇ ಸಲ ಹೇಳುತ್ತಿದ್ದೇನೆ.

*

ಇಬ್ಬರೂ ಗಾಡಿ ಕೆಳಗೆ ಬಗ್ಗಿ ನೋಡಿದ ಹಾಗಿಲ್ಲ. ಟೀ ಸೋಸಿದರೆ ಚರಟ ಚೆಲ್ಲುತ್ತೇವೆ. ಇಲ್ಲಿ ಚೆಲ್ಲುವ ಹಾಗಿಲ್ಲ, ಒಳಗೇ ಸುಡಬೇಕು. ಜೇನುಗೂಡಿನಂಥ ಪಿಂಗಾಣಿ ದಿಮ್ಮಿ, ಒಂದು ಕೊಳವೆಗೆ ಮುಂದೆ ಬಿರಡೆ, ಪಕ್ಕದ್ದಕ್ಕೆ ಹಿಂದೆ, ಹಾಗಾಗಿ ಹೊಗೆ ಗೋಡೆ ತೂರಿಕೊಂಡೇ ಹೋಗಬೇಕು, ಮಸಿ ಗೋಡೆಗೆ ಅಂಟಿ ಉಳಿಯುತ್ತದೆ. ತುಂಬಿದಾಗ ಎಂಜಿನ್ ಒಂದಿಷ್ಟು ಡೀಸೆಲ್ ಜಾಸ್ತಿ ಚಿಮ್ಮಿಸಿ, ಸುಮಾರು 600 ಡಿಗ್ರಿ ಕಾವು ಎಬ್ಬಿಸಿ ಅದನ್ನು ಸುಟ್ಟುಹಾಕುತ್ತದೆ. ಊರೊಳಗೆ ಎರಡೆರಡು ಕಿಲೋಮೀಟರ್ ಓಡಿಸಿ ಆಫ್ ಮಾಡುವವರಿಗೆ ಆ ಕಾವು ಏರುವುದೇ ಇಲ್ಲ. ಸುಡುವುದು ಪದೇಪದೇ ಅರ್ಧಕ್ಕೆ ನಿಂತರೆ ಮಿಕ್ಕ ಡೀಸೆಲ್ ಆಯಿಲ್‌ಗೆ ಇಳಿದು ಆಯಿಲ್ ತೆಳ್ಳಗಾಗುತ್ತದೆ. ನನಗೂ ಆಯಿತು. ಗ್ಯಾರೇಜಿನವರು "ಕಿತ್ತು ಹಾಕ್ಸಿ ಸಾರ್, ಪಿಕಪ್ ಬರುತ್ತೆ" ಅಂದರು. ಕಿತ್ತರೆ ಕಾನೂನಿಗೂ ತಪ್ಪು, ಹಿಂದೆ ಬರುವವನ ಮೂಗಿಗೂ ತಪ್ಪು. ನಮ್ಮ ದೇಶದ ಹೊಗೆ ಮಿತಿಯ ಹಳೇ ನಿಯಮ ಬಿಎಸ್ 4ರಲ್ಲಿ ಡೀಸೆಲ್ ಕಾರು ಕಿಲೋಮೀಟರಿಗೆ 25 ಮಿಲಿಗ್ರಾಂ ಕಣ ಬಿಡಬಹುದಿತ್ತು. 2020ರ ಏಪ್ರಿಲ್‌ನಿಂದ, ಬಿಎಸ್ 6ರಲ್ಲಿ, 4.5 ಅಷ್ಟೇ. ಅದಕ್ಕೇ ಈ ಡಬ್ಬಿ.

ಇನ್ನೊಂದು ಮಾತು. ಮಸಿ ಸುಡುತ್ತದೆ, ಬೂದಿ ಸುಡುವುದಿಲ್ಲ. ಬೂದಿ ಹೆಚ್ಚಾಗಿ ಎಂಜಿನ್ ಆಯಿಲ್‌ನಿಂದ ಬರುವಂಥದ್ದು, ಅದಕ್ಕೇ ಬೂದಿ ಕಮ್ಮಿ ಬಿಡುವ ಆಯಿಲ್ಲೇ ಹಾಕಬೇಕು. ನಿಮ್ಮ ಪದದಲ್ಲಿ ಇವೆರಡನ್ನೂ ಕಲಸಬೇಡಿ. ಡಿಪಿಎಫ್ ಅಂತಲೇ ಬಿಡಿ. ರೀಜನರೇಶನ್‌ಗೆ 'ಮಸಿ ಸುಡುವುದು'.

*

ಡಿಪಿಎಫ್ ಅಂತಲೇ ಬಿಡಿ! ನಾಳೆ ಕನ್ನಡವನ್ನೂ ಹಾಗೇ ಬಿಟ್ಟುಬಿಡಿ. ಅಡುಗೆಮನೆ ಅಟ್ಟಕ್ಕೆ ಜೋತುಬೀಳುವ ಮಸಿಗೆ ನಮ್ಮಜ್ಜಿ ಇಲ್ಲಣ ಅಂತಿದ್ದರು. ಇಲ್ಲಣಗೂಡು ಅನ್ನೋದಕ್ಕೆ ಏನು ಕಷ್ಟ?

*

ಕಷ್ಟ ಡ್ರೈವರಿಗೆ. ಸ್ಟೇರಿಂಗ್, ಕ್ಲಚ್ಚು, ಬ್ರೇಕು ಕನ್ನಡ ಆಗಿ ಎಷ್ಟೋ ಕಾಲ ಆಯಿತು. ನೀವು ಕೂತಿರುವ ಕುರ್ಚಿ, ಬರೆಯುವ ಕಾಗದ, ಕೊಡುವ ಅರ್ಜಿ, ಯಾವುದು ಸ್ವಾಮಿ ಊರಿನದು? ಡ್ಯಾಶ್‌ಬೋರ್ಡಿನಲ್ಲಿ ಡಿಪಿಎಫ್ ಅಂತ ಹೊಳೆಯುವಾಗ ಸ್ಟಿಕ್ಕರಿನಲ್ಲಿ ಇಲ್ಲಣಗೂಡು ಅಂತಿದ್ದರೆ ಅವನು ನಡುರಾತ್ರಿ ನಿಮಗೆ ಫೋನ್ ಮಾಡಬೇಕಾ?

*

ಜಗಳದ ನಡುವೆ ಪ್ರೆಸ್‌ಗೆ ಕೊಟ್ಟುಬಂದೆ. ಹೀಗಿದೆ:

"ಡಿಪಿಎಫ್ ದೀಪ ಹತ್ತಿದರೆ ಒಳಗೆ ಮಸಿ ತುಂಬಿದೆ ಎಂದರ್ಥ. ಹೈವೇಯಲ್ಲಿ 20 ನಿಮಿಷ ನಿಲ್ಲಿಸದೆ ಓಡಿಸಿ. ಮಸಿ ಸುಡುವಾಗ ಗಾಡಿ ಆಫ್ ಮಾಡಬೇಡಿ. ರಸ್ತೆ ಮೇಲೆ ಒಕ್ಕಣೆಗೆ ಹರಡಿದ ಕಡೆ ನಿಲ್ಲಿಸಬೇಡಿ, ಬೆಂಕಿ ಹತ್ತುತ್ತದೆ."

ಕೊನೇ ಸಾಲು ಮಾಲೀಕರದ್ದು. ಹುರುಳಿ ಬಂದರೆ ನಮ್ಮ ಕಡೆ ಟಾರು ರಸ್ತೆಯೇ ಕಣ. ಸೋಸಣಿಗೆ ಟೀ ಅಂಗಡಿಗೆ ಎತ್ತಿಟ್ಟುಕೊಂಡಿದ್ದೇನೆ, ಸಿಟ್ಟಾಗಬೇಡಿ.

*

ಒಕ್ಕಣೆ ಪರವಾಗಿಲ್ಲ. ಅಂದಹಾಗೆ ಒಕ್ಕುವ ಕಣ ನಮ್ಮದು, ಮಸಿಯ ಕಣ ಸಂಸ್ಕೃತದ್ದು. ಎರಡನ್ನೂ ಒಂದೇ ಎಳೆಯಲ್ಲಿ ಹಾಕಿದ್ದೀರಿ. ಬೇರೆ ಎಳೆ ಶುರು ಮಾಡುತ್ತೇನೆ.