ಚಿತ್ರ ಬರೆಯುವ ಆಸೆಯಿದೆ, ಎಂಡಿ ಅನಾಟಮಿ ತಗೊಳ್ಳಬಹುದಾ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ. ಚಿಕ್ಕಂದಿನಿಂದ ಚಿತ್ರ ಬರೆಯುತ್ತೇನೆ. ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ (ದೇಹರಚನೆಯ ಶಾಸ್ತ್ರ) ಕಲಿಸಿಕೊಂಡು, ಕಲಾ ವಿದ್ಯಾರ್ಥಿಗಳಿಗೂ ಅದನ್ನೇ ಹೇಳಿಕೊಡುತ್ತಾ ಬದುಕಬಹುದಾ? ಮನೆಯಲ್ಲಿ ‘ಪೇಷೆಂಟ್ ನೋಡದವನು ಎಂಥ ಡಾಕ್ಟರು’ ಅಂತಾರೆ. ಅನುಭವ ಇರುವವರು ದಯವಿಟ್ಟು ಹೇಳಿ.

ಮೆಡಿಕಲ್ ಕಾಲೇಜಿನ ಅನಾಟಮಿ ಶಿಕ್ಷಕಿ:
ಧೈರ್ಯವಾಗಿ ತಗೊಳ್ಳಿ. ನೀಟ್ ಪಿಜಿ ಪ್ರವೇಶ ಪರೀಕ್ಷೆ ಬರೆಯಬೇಕು, ಎಂಡಿ ಮೂರು ವರ್ಷ. ಕ್ಲಿನಿಕ್ ನಡೆಸುವವರಷ್ಟು ದುಡ್ಡು ಬರುವುದಿಲ್ಲ, ಇದನ್ನು ಮನೆಯವರಿಗೆ ಈಗಲೇ ಹೇಳಿಬಿಡಿ. ಆದರೆ ಸಂಜೆಗಳು ನಿಮ್ಮವೇ.

ಚಿತ್ರ ಎಷ್ಟು ಕೆಲಸಕ್ಕೆ ಬರುತ್ತದೆ ಗೊತ್ತಾ? ಬ್ರೇಕಿಯಲ್ ಪ್ಲೆಕ್ಸಸ್ ತಗೊಳ್ಳಿ, ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳ ಜಾಲ. ಸ್ಲೈಡಿನಲ್ಲಿ ಅದು ಇಡಿಯಾಗಿ ಬಂದರೆ ಮಕ್ಕಳು ಕಂಗಾಲು. ನಾನು ಬೋರ್ಡಿನ ಮೇಲೆ ಹಳದಿ ಚಾಕ್‌ಪೀಸಿನಲ್ಲಿ ಐದು ಗೆರೆ ಎಳೆಯುತ್ತೇನೆ, ಬೆನ್ನುಹುರಿಯಿಂದ ಹೊರಡುವ ಐದು ನರಬೇರುಗಳು, ಸಿ5ರಿಂದ ಟಿ1ವರೆಗೆ. ಮೇಲಿನೆರಡು ಕೂಡುತ್ತವೆ, ಕೆಳಗಿನೆರಡು ಕೂಡುತ್ತವೆ, ಸಿ7 ಒಂಟಿ. ಮೂರು ಟ್ರಂಕ್, ಅಂದರೆ ಕಾಂಡ, ಆಯಿತು. ಒಂದೊಂದೂ ಹಿಂದೆ ಮುಂದೆ ಎರಡಾಗಿ ಒಡೆಯುತ್ತದೆ, ಹಿಂದಿನ ಮೂರೂ ಸೇರಿ ಒಂದು ಕಾರ್ಡ್, ಅಂದರೆ ನರಗಳ ಹುರಿ. ಆಮೇಲೆ ಕೆಂಪಿನಲ್ಲಿ ಕಂಕುಳಿನ ರಕ್ತನಾಳ ಆಕ್ಸಿಲರಿ ಆರ್ಟರಿ, ಅದರ ಮುಂದೆ ‘ಎಂ’ ಆಕಾರದಲ್ಲಿ ಮೂರು ನರ. ಮಕ್ಕಳೂ ನನ್ನ ಜೊತೆಗೇ ಬರೆಯಬೇಕು. ಪೆನ್ಸಿಲ್ ಎಲ್ಲಿ ನಿಲ್ಲುತ್ತದೋ ಅಲ್ಲಿ ಅರ್ಥವಾಗಿಲ್ಲ ಅಂತ ತಕ್ಷಣ ಗೊತ್ತಾಗುತ್ತದೆ.

ಹೆರಿಗೆಯಲ್ಲಿ ಮಗುವಿನ ಕುತ್ತಿಗೆ ಜಗ್ಗಿ ಮೇಲಿನ ಟ್ರಂಕಿಗೆ ಪೆಟ್ಟಾದರೆ ತೋಳು ಯಾಕೆ ಒಳಕ್ಕೆ ತಿರುಗಿ ಜೋತುಬೀಳುತ್ತದೆ? ಅದೇ ಚಿತ್ರದ ಮೇಲೆ ಬೆರಳಿಟ್ಟು ತೋರಿಸಬಹುದು. ಮುಂದೆ ಆ ಮಗುವನ್ನು ನೋಡುವ ಡಾಕ್ಟರು ನಮ್ಮ ಕ್ಲಾಸಿನಲ್ಲೇ ಕೂತಿರುತ್ತಾರೆ. ಮನೆಯವರಿಗೆ ಇದನ್ನೇ ಹೇಳಿ.

ದೇಹ ಬಿಡಿಸಿ ನೋಡುವ ಡಿಸೆಕ್ಷನ್ ಹಾಲ್ ಮಾತ್ರ ಬಿಡಬೇಡಿ. ರಕ್ತನಾಳಗಳು ಎಲ್ಲರಲ್ಲೂ ಪುಸ್ತಕದಲ್ಲಿದ್ದಂತೆ ಕವಲೊಡೆಯುವುದಿಲ್ಲ. ಅದನ್ನು ಕಲಿಸುವುದು ದೇಹದಾನ ಮಾಡಿದವರು. ಅಲ್ಲಿ ಸುಮ್ನೆ ಫೋಟೊ ತೆಗೆಯುವುದು, ನಗುವುದು ಕೂಡದು.

ಕಲಾಶಾಲೆಯಲ್ಲಿ ಕಲಿಸುವವರು:
ನಮಗೆ ನಿಮ್ಮಂಥವರು ಬೇಕೇ ಬೇಕು. ಲಂಡನ್ನಿನ ರಾಯಲ್ ಅಕಾಡೆಮಿ 1768ರಲ್ಲಿ ಶುರುವಾದಾಗಲೇ ವಿಲಿಯಂ ಹಂಟರ್ ಎಂಬ ವೈದ್ಯರನ್ನು ಅನಾಟಮಿ ಪ್ರೊಫೆಸರ್ ಮಾಡಿಕೊಂಡಿತ್ತು. ಒಂದೇ ಕೋರಿಕೆ: ಸ್ನಾಯುಗಳ ಪಟ್ಟಿ ಓದಿಸಬೇಡಿ, ಚಲನೆ ತೋರಿಸಿ. ಅಂಗೈ ಮೇಲೆ ಮಾಡಿ ಕೈ ಚಾಚಲು ಹೇಳಿ, ಆಮೇಲೆ ಕೆಳಗೆ ಮಾಡಿಸಿ. ಹೆಬ್ಬೆರಳ ಕಡೆಯ ರೇಡಿಯಸ್ ಮೂಳೆ ಕಿರುಬೆರಳ ಕಡೆಯ ಅಲ್ನಾ ಮೇಲೆ ಅಡ್ಡ ದಾಟುತ್ತದೆ. ಮುಂಗೈ ಆಕಾರ ಬದಲಾಗುವುದು ಅದಕ್ಕೇ ಅಲ್ವಾ? ತಮ್ಮ ಕೈಯನ್ನೇ ಹಿಡಿದು ನೋಡಿದ ಮೇಲೆ ವಿದ್ಯಾರ್ಥಿಗಳು ಬರೆಯುವ ಕೈಗೆ ಜೀವ ಬರುತ್ತದೆ. ಆದರೆ ನಮ್ಮಲ್ಲಿ ಇದು ಹೆಚ್ಚಾಗಿ ಅತಿಥಿ ಉಪನ್ಯಾಸದ ಲೆಕ್ಕ. ಇದನ್ನೇ ನಂಬಿಕೊಂಡು ಸಂಸಾರ ನಡೆಸುವುದು ಕಷ್ಟ.

ಮೆಡಿಕಲ್ ಇಲಸ್ಟ್ರೇಟರ್:
ಹೆನ್ರಿ ವ್ಯಾಂಡೈಕ್ ಕಾರ್ಟರ್ ಬಗ್ಗೆ ಓದಿ. 1858ರಲ್ಲಿ ಬಂದ ‘ಗ್ರೇಸ್ ಅನಾಟಮಿ’ ಪಠ್ಯಪುಸ್ತಕದ ಚಿತ್ರಗಳು ಅವರವು. ಅಂಗದ ಹೆಸರನ್ನು ಆದಷ್ಟೂ ಅಂಗದ ಮೇಲೇ ಬರೆದರು, ಓದುವವರ ಕಣ್ಣು ಅತ್ತಿತ್ತ ಅಲೆಯಲಿಲ್ಲ. ಅದೇ ವರ್ಷ ಮುಂಬಯಿಗೆ ಬಂದು ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಕಲಿಸಿದರು. ವೈದ್ಯ, ಚಿತ್ರಕಾರ, ಮೇಷ್ಟ್ರು, ಮೂರೂ ಒಬ್ಬರೇ! ಚಿತ್ರದ ಕಡೆಗೇ ಪೂರ್ತಿ ವಾಲುವುದಾದರೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಮ್ಯಾಕ್ಸ್ ಬ್ರೋಡೆಲ್ 1911ರಲ್ಲಿ ಕಟ್ಟಿದ, ವೈದ್ಯಕೀಯ ಚಿತ್ರಕಲೆ ಕಲಿಸುವ ವಿಭಾಗ ಇಂದಿಗೂ ಇದೆ. ಖರ್ಚು ಜಾಸ್ತಿ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕಾಲೇಜು ಆರಿಸುವಾಗ ಏನು ನೋಡಬೇಕು?

ಅನಾಟಮಿ ಶಿಕ್ಷಕಿ:
ಕಟ್ಟಡ ನೋಡಿ ಮರುಳಾಗಬೇಡಿ. ಅಲ್ಲಿನ ಪಿಜಿ ವಿದ್ಯಾರ್ಥಿಗಳಿಗೇ ಫೋನ್ ಮಾಡಿ. ದೇಹದಾನ ಚೆನ್ನಾಗಿ ಆಗುತ್ತಿದೆಯಾ, ಪಿಜಿಗಳು ಸ್ವತಃ ಡಿಸೆಕ್ಷನ್ ಮಾಡುತ್ತಾರಾ, ಮ್ಯೂಸಿಯಂಗೆ ಹೊಸ ಮಾದರಿ ತಯಾರಿಸಲು ಬಿಡುತ್ತಾರಾ ಅಂತ ಕೇಳಿ. ಅದಕ್ಕೂ ಮುಂಚೆ ಒಂದು ದಿನ ಮಣಿಪಾಲದ ಅನಾಟಮಿ ಮ್ಯೂಸಿಯಂ ನೋಡಿ ಬನ್ನಿ. ಸ್ಕೆಚ್ ಮಾಡಬಹುದಾ ಅಂತ ಮೊದಲೇ ಅನುಮತಿ ಕೇಳಿಕೊಳ್ಳಿ.