ಮಾಧ್ಯಮ ಕೋರ್ಸಿಗೆ 16 ಪುಟದ ಕನ್ನಡ ಮ್ಯಾಗಜೀನ್: ಯಾವ ಕೆಲಸ ಮೊದಲು?

ಕೇಳಿದವರು (ಪತ್ರಿಕೋದ್ಯಮ ವಿದ್ಯಾರ್ಥಿ, ಮಡಿಕೇರಿ):
ಪ್ರಾಜೆಕ್ಟಿಗೆ ಎ4 ಅಳತೆಯ 16 ಪುಟದ ಮ್ಯಾಗಜೀನ್ ಮಾಡಬೇಕು. ವಿಷಯ ಕೊಡಗಿನ ಕಾಫಿ ತೋಟ ಮತ್ತು ಹಬ್ಬಗಳು. ಮೂರು ವಾರ ಸಮಯವಿದೆ, 20 ಪ್ರತಿ ಸಾಕು. ಲೇಖನಗಳು ನುಡಿ ತಂತ್ರಾಂಶದಲ್ಲಿ ಟೈಪ್ ಆಗಿವೆ. ಎಲ್ಲಿ ತಪ್ಪಾಗುತ್ತದೆ, ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1 (ಪುಟವಿನ್ಯಾಸ):
ಕಂಪ್ಯೂಟರ್ ತೆರೆಯುವ ಮೊದಲು ಕಾಗದ ಮಡಚಿ. ನಾಲ್ಕು ಹಾಳೆ ಒಂದರ ಮೇಲೊಂದಿಟ್ಟು ನಡುವೆ ಮಡಚಿದರೆ 16 ಪುಟದ ಡಮ್ಮಿ ಸಿಗುತ್ತದೆ. ಪೆನ್ಸಿಲಿನಲ್ಲಿ ಪುಟಸಂಖ್ಯೆ ಬರೆದು ಬಿಡಿಸಿ ನೋಡಿ. 1ರ ಪಕ್ಕ 16, 2ರ ಪಕ್ಕ 15, ಹೀಗೆ ಪ್ರತಿ ಜೋಡಿ ಕೂಡಿದರೂ 17. ಓದುವಾಗಲೂ ಅಚ್ಚಿನಲ್ಲೂ ಅಕ್ಕಪಕ್ಕ ಇರುವ ಜೋಡಿ 8–9 ಒಂದೇ. ಎರಡು ಪುಟಕ್ಕೆ ಹರಡುವ ದೊಡ್ಡ ಚಿತ್ರ ಅಲ್ಲಿಗೇ ಬರಲಿ. 6–7ರಲ್ಲಿ ಇಟ್ಟರೆ ಅರ್ಧ ಚಿತ್ರ ಒಂದು ಹಾಳೆಯಲ್ಲಿ, ಇನ್ನರ್ಧ ಬೇರೆ ಹಾಳೆಯಲ್ಲಿ ಅಚ್ಚಾಗುತ್ತದೆ; ಪಿನ್ ಹೊಡೆದ ಮೇಲೆ ಒಂದೆರಡು ಮಿಲಿಮೀಟರ್ ಜಾರಿರುತ್ತದೆ. ಪುಟ ಹೆಚ್ಚಿಸಿದರೆ 20, ಇಳಿಸಿದರೆ 12. 18 ಆಗುವುದಿಲ್ಲ.

ಡಮ್ಮಿಯ ಮೇಲೆಯೇ ಲೇಖನಗಳ ಜಾಗ ಗುರುತಿಸಿ. ಅಂಚು ಎಡಬಲಕ್ಕೆ 15 ಮಿ.ಮೀ., ಮೇಲೆ ಕೆಳಗೆ 20 ಮಿ.ಮೀ., ನಡುವೆ 5 ಮಿ.ಮೀ. ಬಿಟ್ಟು ಎರಡು ಕಾಲಂ ಮಾಡಿದರೆ ಒಂದೊಂದು 87.5 ಮಿ.ಮೀ. ಅಗಲ. 11 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ 16 ಪಾಯಿಂಟ್ ಅಂತರ ಇಟ್ಟರೆ ಕಾಲಂಗೆ 45 ಸಾಲು, ಸಾಲಿಗೆ ಸುಮಾರು 5 ಪದ. ಚಿತ್ರವಿಲ್ಲದ ಪುಟಕ್ಕೆ 450 ಪದ, ತಲೆಬರಹವೂ ಒಂದು ಚಿತ್ರವೂ ಇದ್ದರೆ 250. 900 ಪದದ ಲೇಖನವನ್ನು ಒಂದೇ ಪುಟಕ್ಕೆ ತುರುಕಲು ಅಕ್ಷರ ಕುಗ್ಗಿಸುವುದೇ ವಿದ್ಯಾರ್ಥಿಗಳ ಮ್ಯಾಗಜೀನ್ ಕೆಡಲು ದೊಡ್ಡ ಕಾರಣ. ಕುಗ್ಗಿಸಬೇಡಿ, ಲೇಖನ ಕತ್ತರಿಸಿ.

ಉತ್ತರ 2 (ಕನ್ನಡ ಡಿಟಿಪಿ):
ನಿಮ್ಮ ಫೈಲು ಹಳೆಯ ನುಡಿ ಫಾಂಟಿನದೋ ಯೂನಿಕೋಡಿನದೋ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಮೊದಲು ನೋಡಿಕೊಳ್ಳಿ. ಹಳೆಯದಾದರೆ ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಹಾಕಿದ ಕೂಡಲೇ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಆಗ ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಪ್ರತಿ ಪುಟ ಓದಲೇಬೇಕು. ಪುಟ ಜೋಡಿಸುವ ತಂತ್ರಾಂಶವಾದ ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಬಿಡಿಬಿಡಿಯಾಗಿ ಕಂಡರೆ ಪ್ಯಾರಾಗ್ರಾಫ್ ಪ್ಯಾನೆಲಿನ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ಕೆ ಮಾಡಿ. ದುಡ್ಡು ಹಾಕುವಂತಿಲ್ಲದಿದ್ದರೆ ಸ್ಕ್ರೈಬಸ್ 1.6 ಉಚಿತ, ಕನ್ನಡ ಸರಿಯಾಗಿ ಜೋಡಿಸುತ್ತದೆ, ಹಳೆಯ 1.4 ಬೇಡ.

ನಿಮ್ಮ ವಿಷಯಕ್ಕೇ ಸಂಬಂಧಪಟ್ಟ ಒಂದು ಮಾತು. ‘ಕೈಲ್‌ಪೊಳ್ದ್’ ಎಂಬ ಹಬ್ಬದ ಹೆಸರಿನಲ್ಲಿ ಲ್ ಮತ್ತು ಪೊ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರವಿದೆ, ಜೀರೋ ವಿಡ್ತ್ ನಾನ್ ಜಾಯಿನರ್. ಪರಿವರ್ತನೆಯಲ್ಲೋ ಕಾಪಿ ಪೇಸ್ಟಿನಲ್ಲೋ ಅದು ಬಿದ್ದುಹೋದರೆ ಪ ಒತ್ತಾಗಿ ಇಳಿದು ‘ಕೈಲ್ಪೊಳ್ದ್’ ಆಗುತ್ತದೆ. ಊರಿನವರು ಮೊದಲು ನೋಡುವುದೇ ಇದನ್ನು. ಹಾಗೆಯೇ ಸುಗ್ಗಿಯ ಹಬ್ಬವನ್ನು ಪುತ್ತರಿ ಎಂದು ಬರೆಯುತ್ತೀರೋ ಹುತ್ತರಿ ಎಂದೋ, ಮೊದಲೇ ತೀರ್ಮಾನಿಸಿ 16 ಪುಟಕ್ಕೂ ಒಂದೇ ರೂಪ ಇರಲಿ.

ಸಾಲುಗಳ ನಡುವಿನ ಅಂತರದ ಬಗ್ಗೆ ಮೇಲೆ ಹೇಳಿದ್ದು ಸರಿ. ಇಂಗ್ಲಿಷಿನ ಲೆಕ್ಕದಲ್ಲಿ 13 ಪಾಯಿಂಟ್ ಇಟ್ಟರೆ ‘ರಾಷ್ಟ್ರ’ದ ಕೆಳಗಿನ ಒತ್ತು ಮುಂದಿನ ಸಾಲಿನ ‘ಕೀ’ಗೆ ತಾಗುತ್ತದೆ. ಇನ್ನೊಂದು, ಕಾಲಂನ ಎರಡೂ ಅಂಚು ಸಮ ಮಾಡುವುದು ಬೇಡ. ಕನ್ನಡದ ಪದಗಳು ಉದ್ದ, ಸಾಲಿನ ಕೊನೆಯಲ್ಲಿ ಒಡೆಯುವುದೂ ಕಡಿಮೆ. ಹಾಗಾಗಿ ಪದಗಳ ನಡುವೆ ಬಿಳಿ ಕಂದಕ ಬೀಳುತ್ತದೆ. ಮೂರು ಕಾಲಂನಲ್ಲಂತೂ ತೀರಾ ಕೆಟ್ಟದಾಗುತ್ತದೆ. ಎಡಕ್ಕೆ ಮಾತ್ರ ಸಮ ಮಾಡಿ.

ಉತ್ತರ 3 (ಚಿತ್ರಗಳು):
ಮುಖಪುಟಕ್ಕೆ ಬ್ಲೀಡ್ (ಕತ್ತರಿಸಿ ತೆಗೆಯಲು ಅಂಚಿನಾಚೆ ಬಿಡುವ ಭಾಗ) ಸೇರಿ 216×303 ಮಿ.ಮೀ., ಅಂದರೆ 300 ಪಿಪಿಐಗೆ (ಇಂಚಿಗೆ 300 ಪಿಕ್ಸೆಲ್) 2551×3579 ಪಿಕ್ಸೆಲ್ ಬೇಕು. ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದು ಕುಗ್ಗಿರುತ್ತದೆ. ಉದ್ದದ ಬದಿ 1600 ಪಿಕ್ಸೆಲ್ ಉಳಿದಿದ್ದರೆ 13.5 ಸೆಂ.ಮೀ.ಗಿಂತ ದೊಡ್ಡದು ಮಾಡಬೇಡಿ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಕಾಫಿ ಹೂವಿನ ಚಿತ್ರ ಬೇಕಿದ್ದರೆ ದಿನ ಲೆಕ್ಕ ಹಾಕಿ: ಹೂಮಳೆ ಬಿದ್ದ ಸುಮಾರು 8–10 ದಿನಕ್ಕೆ ಅರಳಿ, ಮೂರ್ನಾಲ್ಕು ದಿನದಲ್ಲಿ ಬಾಡುತ್ತದೆ. ಬೆಳಿಗ್ಗೆ ಬಿಸಿಲೇರುವ ಮೊದಲು, ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ ತೆಗೆಯಿರಿ. ಎಸಳು ಬಿಳಿಚಿಹೋದರೆ ಅದರ ವಿವರ ಮತ್ತೆ ಸಿಗುವುದಿಲ್ಲ. ಮರದ ನೆರಳಿನ ಕಡುಹಸಿರು ಮಾತ್ರ ಕಾಗದದಲ್ಲಿ ಪರದೆಗಿಂತ ಮಬ್ಬಾಗುತ್ತದೆ, ಆ ಭಾಗವನ್ನು ತುಸು ಬೆಳಗಿಸಿ. ಪತ್ರಿಕೆಯ ಹೆಸರಿಗೆ ಜಾಗ ಬಿಟ್ಟು ಚೌಕಟ್ಟು ಕಟ್ಟಿ, ಬಿಳಿ ಹೂವಿನ ಮೇಲೆ ಬಿಳಿ ಅಕ್ಷರ ಓದಲಾಗದು.

ಉತ್ತರ 4 (ಮುದ್ರಣ):
20 ಪ್ರತಿಗೆ ಡಿಜಿಟಲ್ ಪ್ರಿಂಟೇ ಸರಿ. ಪಿಡಿಎಫ್‌ನಲ್ಲಿ ಪುಟಗಳು 1ರಿಂದ 16, ಬಿಡಿಬಿಡಿಯಾಗಿ, ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್, ಅಚ್ಚಿನ ಜೋಡಿ ಪ್ರೆಸ್ಸಿನವರಾದ ನಾವು ಹಾಕುತ್ತೇವೆ. ಹಾಳೆಯ ಅಳತೆ ಮೊದಲೇ ಕೇಳಿ. 12×18 ಇಂಚಿನ ಹಾಳೆಯ ಚಿಕ್ಕ ಬದಿ 305 ಮಿ.ಮೀ. ಮಾತ್ರ, ನಿಮಗೆ ಬೇಕಾದದ್ದು 303. ಮೆಷಿನ್ ಅಚ್ಚು ಹಾಕದೆ ಬಿಡುವ ಅಂಚಿಗೇ ಬ್ಲೀಡ್ ಹೋಗುತ್ತದೆ. 13×19 ಇಲ್ಲದಿದ್ದರೆ ಪತ್ರಿಕೆಯನ್ನೇ 200×280 ಮಾಡಿ. ಅಕ್ಷರದ ಕಪ್ಪು ಬರೀ ಕೆ 100 (ಕಪ್ಪು ಶಾಯಿ ಮಾತ್ರ) ಇರಲಿ, ನಾಲ್ಕು ಬಣ್ಣ ಸೇರಿದ ಕಪ್ಪಿನಲ್ಲಿ ಸಣ್ಣ ಅಕ್ಷರದ ಅಂಚಿಗೆ ಬಣ್ಣ ಕಾಣಿಸುತ್ತದೆ. ಕಾಗದದ ತೂಕ (ಚದರ ಮೀಟರಿಗೆ ಗ್ರಾಂ) ಒಳಗೆ 100 ಅಥವಾ 130 ಜಿಎಸ್‌ಎಂ, ಮುಖಪುಟಕ್ಕೆ 220. ಮಡಿಕೇರಿಯ ಮಳೆಗಾಲದಲ್ಲಿ ಒಂದೇ ಕಡೆ ಲ್ಯಾಮಿನೇಷನ್ ಮಾಡಿದ ಮುಖಪುಟ ಸುರುಳಿಯಾಗುತ್ತದೆ: ಬರೀ ಕಾಗದದ ಬದಿ ತೇವ ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಬದಿ ಹಿಗ್ಗುವುದಿಲ್ಲ. ಜೂನ್–ಸೆಪ್ಟೆಂಬರಿನಲ್ಲಿ ಲ್ಯಾಮಿನೇಷನ್ ಬಿಟ್ಟುಬಿಡಿ. ಮೊದಲು ಒಂದೇ ಪ್ರತಿ ತೆಗೆಸಿ ನೋಡಿ.

ಕೇಳಿದವರು:
ತುಂಬಾ ಧನ್ಯವಾದ. ಮುಖಪುಟದಲ್ಲಿ ಬಾರ್‌ಕೋಡ್, ಐಎಸ್‌ಎಸ್‌ಎನ್ (ಪತ್ರಿಕೆಯ ಗುರುತಿನ ಸಂಖ್ಯೆ) ಹಾಕಬೇಕಾ?

ಉತ್ತರ 1:
ಬೇರೆ ಪತ್ರಿಕೆಯದನ್ನು ನಕಲು ಮಾಡಿ ಅಂಟಿಸಬೇಡಿ, ಆ ಸಂಖ್ಯೆ ಅವರದು. ಬಾರ್‌ಕೋಡಿನ ಜಾಗಕ್ಕೆ ಖಾಲಿ ಚೌಕ ಬಿಟ್ಟು, ಕೊನೆ ಪುಟದ ಅಡಿಯಲ್ಲಿ ‘ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆ, ಖಾಸಗಿ ಪ್ರಸಾರಕ್ಕೆ ಮಾತ್ರ’ ಎಂದು ಬರೆಯಿರಿ. ಚಿತ್ರ ತೆಗೆದವರ ಹೆಸರು ಆಯಾ ಪುಟದಲ್ಲೇ ಇರಲಿ.