ಕುಂಡದ ತುಂಬೆ ಗಿಡ ಒಣಗುತ್ತಿದೆ, ಏನು ಮಾಡಲಿ?

ತಾರಸಿ ತೋಟ, ಬೆಂಗಳೂರು:
ಊರಿಂದ ಬರುವಾಗ ರಾಗಿ ಹೊಲದ ಬದುವಿನಲ್ಲಿದ್ದ ತುಂಬೆ ಗಿಡವೊಂದನ್ನು ಮಣ್ಣು ಸಮೇತ ತಂದು ಕುಂಡದಲ್ಲಿಟ್ಟೆ. ಸೋಮವಾರದ ಶಿವಪೂಜೆಗೆ ಮನೆಯಲ್ಲೇ ಹೂ ಸಿಗಲಿ ಅಂತ. ದೀಪಾವಳಿ ದಾಟಿದರೂ ಚೆನ್ನಾಗಿ ಹೂ ಬಿಡುತ್ತಿತ್ತು. ಸಂಕ್ರಾಂತಿ ಕಳೆದ ಮೇಲೆ ಕೆಳಗಿನ ಎಲೆಯೆಲ್ಲ ಉದುರಿ ಕಾಂಡ ಕಂದಾಗಿದೆ. ನೀರು ಕಡಿಮೆಯಾಯಿತಾ? ತುದಿ ಚಿವುಟಿದರೆ ತುಳಸಿ ಥರ ಮತ್ತೆ ಚಿಗುರುತ್ತದಾ?

ಬದುವಿನ ಕಡೆಯವನು, ತಿಪಟೂರು:
ಚಿವುಟಬೇಡಿ ಮೇಡಂ, ಗೊಬ್ಬರವೂ ಬೇಡ. ತುಳಸಿಯದೇ ಕುಟುಂಬ, ನಿಜ. ಕಾಂಡವನ್ನು ಬೆರಳಲ್ಲಿ ಹೊರಳಿಸಿದರೆ ನಾಲ್ಕು ಮೂಲೆ ಸಿಗುತ್ತವೆ. ಆದರೆ ತುಳಸಿ ವರ್ಷಗಟ್ಟಲೆ ಬಾಳುತ್ತದೆ, ತುಂಬೆಯದು ಒಂದೇ ವರ್ಷದ ಆಯಸ್ಸು. ಮಳೆಗೆ ಹುಟ್ಟಿ, ಹೂ ಬಿಟ್ಟು, ಬೀಜ ಉದುರಿಸಿ ಹೋಗುತ್ತದೆ. ರಾಗಿ ಕೊಯ್ದ ಹೊಲದಲ್ಲಿ ಇದರ ಒಣ ಕಡ್ಡಿ ಕಾಲಿಗೆ ಚುಚ್ಚುವುದು ನಮಗೆ ಮಾಮೂಲು.

ಕಾಂಡದ ಸುತ್ತ ಗೆಣ್ಣುಗೆಣ್ಣಿಗೂ ಉಂಡೆ ಕಟ್ಟಿದೆಯಲ್ಲ, ಅದು ಹೂವಿನ ಹಸಿರು ಬಟ್ಟಲುಗಳ ಗುಂಪು. ಬಿಳಿ ಹೂ ಬಿದ್ದರೂ ಬಟ್ಟಲು ಉಳಿಯುತ್ತದೆ. ಒಣಗಿದ ಒಂದನ್ನು ಉಗುರಲ್ಲಿ ಸೀಳಿ ನೋಡಿ. ತಳದಲ್ಲಿ ಕಂದು ಬೀಜ ಕೂತಿರುತ್ತವೆ, ಒಂದರಲ್ಲಿ ಹೆಚ್ಚೆಂದರೆ 4. ಹೊರಮೈ ದುಂಡು, ಒಳಮೈ ಮೂಲೆ ಮೂಲೆ.

ಹೂಬುಟ್ಟಿ:
ಅಣ್ಣಾ, ಹಾಗಾದರೆ ಪೂಜೆಗೆ ಹೂ ಕಿತ್ತರೆ ಬೀಜ ಕಟ್ಟುವುದಿಲ್ಲ ಅಲ್ವಾ?

ಬದುವಿನ ಕಡೆಯವನು, ತಿಪಟೂರು:
ಕಟ್ಟುತ್ತದೆ. ಕೈಗೆ ಬರುವುದು ಬಿಳಿ ಕೊಳವೆ ಮಾತ್ರ, ಬೀಜವಾಗುವ ಭಾಗ ಬಟ್ಟಲಲ್ಲೇ ಇರುತ್ತದೆ. ಹುಡುಗರು ಆ ಕೊಳವೆಯ ಬುಡವನ್ನೇ ಅಲ್ವಾ ಸಿಹಿ ಅಂತ ಚೀಪುವುದು! ಆದರೆ ಬೆಳ್ಳಂಬೆಳಗ್ಗೆ ಎಲ್ಲ ಬಳಿಯಬೇಡಿ. ಜೇನಿಗೂ ಬಿಡಿ. ಅಗಲವಾದ ಕೆಳತುಟಿಯ ಮೇಲೆ ಅದು ಕೂತು ಒಳಗೆ ಮೂತಿ ಹಾಕುತ್ತದೆ, ಮೇಲಿನ ರೋಮದ ಟೋಪಿಯೊಳಗಿನ ಪರಾಗ ಅದರ ತಲೆಗೆ, ಬೆನ್ನಿಗೆ ಮೆತ್ತುತ್ತದೆ. ಸುಮ್ನೆ ಒಂದು ಸಲ ನಿಂತು ನೋಡಿ. ದಾಸವಾಳ ನೋಡುವುದಕ್ಕಿಂತ ನನಗೆ ಇದೇ ಇಷ್ಟ.

ಮಲೆನಾಡ ಹುಡುಗಿ:
ಒಂದು ಮಾತು. ತುದಿಯಲ್ಲಿ ದೊಡ್ಡ ಚೆಂಡಿನ ಹಾಗೆ ಹೂಗೊಂಚಲು ಬರುವ ತುಂಬೆ ಬೇರೆ ಜಾತಿ. ಫೋಟೋ ಹಾಕಿದರೆ ಯಾವುದು ಅಂತ ಹೇಳಬಹುದು.

ತಾರಸಿ ತೋಟ, ಬೆಂಗಳೂರು:
ನನ್ನದು ಗೆಣ್ಣುಗೆಣ್ಣಿಗೂ ಬಿಡುವುದೇ. ಈಗ ಸೀಳಿ ನೋಡಿದೆ, ಬೀಜ ಇವೆ! ಯಾವಾಗ ಹಾಕಲಿ?

ಬದುವಿನ ಕಡೆಯವನು, ತಿಪಟೂರು:
ಒಣ ಕಡ್ಡಿಯನ್ನು ಪೇಪರ್ ಮೇಲೆ ಕೊಡವಿ, ಪೊಟ್ಟಣ ಕಟ್ಟಿಡಿ. ಮುಂಗಾರು ಹಿಡಿದ ಮೇಲೆ ಅದೇ ಕುಂಡದಲ್ಲಿ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿದರೆ ಸಾಕು. ಬಿಸಿಲು ಬೀಳುವ ಜಾಗ ಇರಲಿ.